ಓದುಗರ ಪ್ರಶ್ನೆ: ಕಲಾಂ ಹೇಳಿದ 2030 ಇನ್ನೆಷ್ಟು ದೂರ?

ಪ್ರಶ್ನೆ: 2030ಕ್ಕೆ ದೇಶಕ್ಕೆ ಇಂಧನ ಸ್ವಾತಂತ್ರ್ಯ ಎಂದು ಅಬ್ದುಲ್ ಕಲಾಂ ಹೇಳಿದ್ದರು. ನಮ್ಮೂರ ಅರಳಿಕಟ್ಟೆಯಲ್ಲಿ ಒಬ್ಬರು ‘ಹೆಚ್ಚುಕಮ್ಮಿ ಆಗಿಯೇ ಹೋಯ್ತಲ್ಲ’ ಅಂತಾರೆ, ಇನ್ನೊಬ್ಬರು ‘ಬರೀ ಭಾಷಣ’ ಅಂತಾರೆ. ಯಾರ ಮಾತು ಸರಿ?
– ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಒಬ್ಬರು ಕರೆಂಟಿನ ಲೆಕ್ಕ ನೋಡುತ್ತಿದ್ದಾರೆ, ಇನ್ನೊಬ್ಬರು ಡೀಸೆಲ್ ಲೆಕ್ಕ. ಜಗಳ ಹರಿಯದಿರುವುದು ಅದಕ್ಕೇ.

2005ರ ಆಗಸ್ಟ್ 14ರ ರಾತ್ರಿಯ ಭಾಷಣದಲ್ಲಿ ಕಲಾಂ ಎರಡು ಗಡುವು ಕೊಟ್ಟರು: 2020ಕ್ಕೆ ಇಂಧನ ಭದ್ರತೆ, 2030ಕ್ಕೆ ಇಂಧನ ಸ್ವಾತಂತ್ರ್ಯ. ಬೇಕಾದಷ್ಟು ಇಂಧನ ಕೈಗೆಟುಕುವ ಬೆಲೆಗೆ ಸಿಕ್ಕರೆ ಭದ್ರತೆ, ಅದು ಯಾವ ದೇಶದಿಂದ ಬಂದರೂ ಸರಿ. ತೈಲ, ಅನಿಲ, ಕಲ್ಲಿದ್ದಲು ಯಾವುದನ್ನೂ ಹೊರಗಿನಿಂದ ತರದೆ ಸಂಸಾರ ನಡೆದರೆ ಅದು ಸ್ವಾತಂತ್ರ್ಯ.

ವಿದ್ಯುತ್ತಿಗೆ ಅವರು ಇಟ್ಟ ಗುರಿ 4 ಲಕ್ಷ ಮೆಗಾವಾಟ್ ಸ್ಥಾಪಿತ ಸಾಮರ್ಥ್ಯ. ದೇಶ ಅದನ್ನು 2022ರಲ್ಲೇ ದಾಟಿತು. ಸೌರಶಕ್ತಿಯಿಂದ ಅವರು ಕೇಳಿದ್ದು 55,000 ಮೆಗಾವಾಟ್. 2025ರ ಜನವರಿಗೆ 1 ಲಕ್ಷ ದಾಟಿತ್ತು. ಪವನ ವಿದ್ಯುತ್ತಿಗೆ ಕೇಳಿದ್ದು 64,000, ನಾವು 50,000 ದಾಟಿದ್ದು 2025ರಲ್ಲಿ. ಪರಮಾಣು ವಿದ್ಯುತ್ತಿಗೆ 50,000 ಎಂದಿದ್ದರು, ಇಪ್ಪತ್ತು ವರ್ಷ ಕಳೆದಾಗ ಇದ್ದದ್ದು 9,000ಕ್ಕೂ ಕಡಿಮೆ.

ಇಲ್ಲಿ ಒಂದು ಎಚ್ಚರ. ಮೆಗಾವಾಟ್ ಅಂದರೆ ಹಂಡೆಯ ಗಾತ್ರ, ಅದರಲ್ಲಿ ತುಂಬಿದ ನೀರಲ್ಲ. ಒಂದು ಮೆಗಾವಾಟ್ ಸೌರ ಘಟಕ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಟ್ಟರೆ, ಚೆನ್ನಾಗಿ ನಡೆಯುವ ಪರಮಾಣು ಸ್ಥಾವರದ ಒಂದು ಮೆಗಾವಾಟ್ 70 ಲಕ್ಷದ ಆಸುಪಾಸು ಕೊಡುತ್ತದೆ. ಆದ್ದರಿಂದ ಒಂದರ ಕೊರತೆಯನ್ನು ಇನ್ನೊಂದರ ಮೆಗಾವಾಟಿನಿಂದ ನೇರವಾಗಿ ತುಂಬಿಕೊಳ್ಳಲಾಗದು.

ಈಗ ಡೀಸೆಲ್ ಲೆಕ್ಕ. ಆ ಭಾಷಣದ ಹೊತ್ತಿಗೆ ನಮ್ಮ ಕಚ್ಚಾ ತೈಲದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಹೊರಗಿನಿಂದ ಬರುತ್ತಿತ್ತು. ಈಗ ಶೇ 85ನ್ನೂ ಮೀರಿದೆ. ಸೌರಶಕ್ತಿ ಇಷ್ಟು ಬೆಳೆದರೂ ತೈಲ ಆಮದು ಏಕೆ ಇಳಿಯಲಿಲ್ಲ? ನಾವು ತೈಲ ಸುಟ್ಟು ಕರೆಂಟ್ ಮಾಡುವುದೇ ಬಹಳ ಕಡಿಮೆ. ಸೌರಫಲಕ ಉಳಿಸುವುದು ಕಲ್ಲಿದ್ದಲನ್ನು. ಲಾರಿ, ಟ್ರ್ಯಾಕ್ಟರ್, ಬಸ್ಸು ಬ್ಯಾಟರಿಗೆ ಬರುವ ತನಕ ಪಾವಗಡ ಸೌರ ಪಾರ್ಕಿನ 2,050 ಮೆಗಾವಾಟ್ ಡೀಸೆಲ್ ಟ್ಯಾಂಕನ್ನು ಮುಟ್ಟುವುದಿಲ್ಲ. ಅಲ್ಲಿಗೆ ಕಲಾಂ ಹಾಕಿದ್ದ ಸೇತುವೆ ಜಟ್ರೋಪ, ನಮ್ಮ ಕಡೆಯ ಕಾಡುಹರಳು. ಅದರ ಬೀಜದೆಣ್ಣೆಯಿಂದ ಜೈವಿಕ ಡೀಸೆಲ್ ಮಾಡಬಹುದೆಂಬ ಲೆಕ್ಕ. ಇಡೀ ಯೋಜನೆಯಲ್ಲಿ ಮುರಿದ ಹಲಗೆ ಅದೇ.

ಪ್ರಶ್ನೆ: ಜಟ್ರೋಪ ಸೋತದ್ದು ರೈತರು ಆರೈಕೆ ಮಾಡದ್ದಕ್ಕೋ, ಲೆಕ್ಕವೇ ತಪ್ಪಿದ್ದೋ? ನಮ್ಮ ಬದುವಿನಲ್ಲಿ ಹೊಂಗೆ ಮರಗಳಿವೆ. ಅದರ ಎಣ್ಣೆಯನ್ನು ಡೀಸೆಲ್ ಪಂಪ್‌ಸೆಟ್ಟಿಗೆ ನೇರ ಹಾಕಬಹುದೇ?
– ರೈತರು, ಹಾಸನ ತಾಲ್ಲೂಕು

ಉತ್ತರ: ಲೆಕ್ಕವೇ ತಪ್ಪಿತ್ತು. ಎಕರೆಗೆ 2 ಟನ್ ಜೈವಿಕ ಡೀಸೆಲ್ ಎಂದು ಆ ಭಾಷಣದಲ್ಲಿತ್ತು. ಅಷ್ಟು ಬರಬೇಕಾದರೆ ಶೇ 30ರಷ್ಟು ಎಣ್ಣೆ ಇಳಿಯುವ ಬೀಜ ಎಕರೆಗೆ ಆರೂವರೆ ಟನ್ ಮೇಲೆ ಬೇಕು. ಎಕರೆಗೆ ಸಾವಿರ ಗಿಡ ಹಿಡಿದರೆ ಗಿಡಕ್ಕೆ ಆರೂವರೆ ಕಿಲೋ. ನೀರು, ಗೊಬ್ಬರ ಕಾಣದ ಬಂಜರಿನಲ್ಲಿ ಒಂದು ಕಿಲೋ ಸಿಕ್ಕರೇ ದೊಡ್ಡದು. ಯೋಜನಾ ಆಯೋಗದ 2003ರ ಸಮಿತಿ ಕೂಡ ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, ಸುಮಾರು 1.2 ಟನ್ ಎಣ್ಣೆ ಎಂದಷ್ಟೇ ಅಂದಾಜು ಮಾಡಿತ್ತು. ಅದೂ ಕೈಗೂಡಲಿಲ್ಲ. ಗಿಡ ಬಂಜರಿನಲ್ಲಿ ಬದುಕುತ್ತದೆ ನಿಜ, ಆದರೆ ಬದುಕುವುದೇ ಬೇರೆ, ಫಸಲು ಕೊಡುವುದೇ ಬೇರೆ. ಕಾಯಿ ಒಟ್ಟಿಗೆ ಮಾಗದೆ ಪದೇಪದೇ ಬಿಡಿಸಬೇಕಾದ್ದರಿಂದ ಕೂಲಿಯೇ ಎಣ್ಣೆಯ ಬೆಲೆಯನ್ನು ನುಂಗಿತು.

ಹೊಂಗೆಯ ಮಾತು ಬೇರೆ. ಅದಕ್ಕೆ ಯಾರೂ ಹೊಲ ಬಿಟ್ಟುಕೊಡಬೇಕಿಲ್ಲ, ಬದುವಿನಲ್ಲೇ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಿಮ್ಮ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬಗಳನ್ನು ಮುಂದಿಟ್ಟಿದ್ದೂ ಬದು-ಬೇಲಿಯ ಬೆಳೆಯಾಗಿಯೇ.

ಗಾಣದ ಎಣ್ಣೆಯನ್ನು ನೇರ ಹಾಕಬೇಡಿ. ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ ಸರಿಯಾಗಿ ಸಿಂಪಡಿಸದೆ ಅರೆಬರೆ ಉರಿದು ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟುತ್ತದೆ, ಇಂಜಿನ್ ಆಯಿಲ್ ಗಂಜಿಯಂತಾಗುತ್ತದೆ. ಮೊದಲ ವಾರ ಚೆನ್ನಾಗಿ ಓಡುವುದೇ ಮೋಸ.

ಎಣ್ಣೆಯನ್ನು ಡೀಸೆಲ್ ಗುಣಕ್ಕೆ ತರುವ ಕ್ರಮ ಹೀಗಿದೆ. ಎಕ್ಸ್‌ಪೆಲ್ಲರ್‌ನಲ್ಲಿ ಸುಮಾರು 4 ಕಿಲೋ ಬೀಜಕ್ಕೆ 1 ಲೀಟರ್ ಎಣ್ಣೆ ಬರುತ್ತದೆ. ಮೊದಲು ಅದರ ಆಮ್ಲೀಯತೆ ಪರೀಕ್ಷಿಸಬೇಕು. ಮುಕ್ತ ಕೊಬ್ಬಿನಾಮ್ಲ ಶೇ 2ರೊಳಗಿದ್ದರೆ ಲೀಟರಿಗೆ 200 ಮಿ.ಲೀ. ಮೆಥನಾಲಿನಲ್ಲಿ ಸುಮಾರು 3.5 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ (ಆಮ್ಲ ಇದ್ದಷ್ಟಕ್ಕೆ ಇನ್ನಷ್ಟು ಸೇರಿಸಿ), 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆ-ಒಂದೂವರೆ ಗಂಟೆ ಕಲಕಬೇಕು. ರಾತ್ರಿಯಿಡೀ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಬಿಸಿನೀರಿನಲ್ಲಿ ತೊಳೆದು, ನೀರಿನಂಶ ಪೂರ್ತಿ ಹೋಗುವಂತೆ ಕಾಯಿಸಬೇಕು.

ಕೆಡುವುದು ಸಾಮಾನ್ಯವಾಗಿ ಆಮ್ಲದ ಹಂತದಲ್ಲೇ. ಒದ್ದೆ ಕಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಆಮ್ಲ ಏರುತ್ತದೆ. ಅಂಥ ಎಣ್ಣೆಗೆ ಸೋಡಾ ಹಾಕಿದರೆ ಸಿಗುವುದು ಡೀಸೆಲ್ ಅಲ್ಲ, ಸೋಪು. ಮೊದಲು ಗಂಧಕಾಮ್ಲ-ಮೆಥನಾಲಿನ ಇನ್ನೊಂದು ಹಂತ ಬೇಕಾಗುತ್ತದೆ. ಮೆಥನಾಲ್ ವಿಷ, ಬೆಂಕಿ ಬೇಗ ಹಿಡಿಯುತ್ತದೆ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣದು. ಹಾಗಾಗಿ ಈ ಕೆಲಸ ಅಡುಗೆಮನೆಯದ್ದಲ್ಲ, ಘಟಕದ್ದು. ತಯಾರಾದದ್ದನ್ನು ಡೀಸೆಲ್‌ಗೆ ಶೇ 20ರವರೆಗೆ ಬೆರೆಸಿ, ಮೊದಲ ಕೆಲವು ದಿನ ಫಿಲ್ಟರ್ ನೋಡುತ್ತಿರಿ. ಹಳೆಯ ಟ್ಯಾಂಕಿನ ಕೊಳೆಯನ್ನು ಅದು ಕಿತ್ತು ತರುತ್ತದೆ. ಹಿಂಡಿಯನ್ನು ಮಾರಬೇಡಿ, ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿ ಶೇ 4ರಷ್ಟು ಸಾರಜನಕವಿದೆ.

ಪ್ರಶ್ನೆ: ರಾಷ್ಟ್ರಪತಿಗೆ ನೀತಿ ಮಾಡುವ ಅಧಿಕಾರವೇ ಇಲ್ಲವಲ್ಲ? ಹೊಗಳಿಕೆಯೂ ತೆಗಳಿಕೆಯೂ ಕಲಾಂಗೆ ಏಕೆ?
– ಕಾನೂನು ವಿದ್ಯಾರ್ಥಿನಿ, ಹಾಸನ

ಉತ್ತರ: ಸಂವಿಧಾನದ 74ನೇ ವಿಧಿಯಂತೆ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸೌರಶಕ್ತಿ ಬೆಳೆದದ್ದು 2010ರ ರಾಷ್ಟ್ರೀಯ ಸೌರ ಮಿಷನ್, 2015ರಲ್ಲಿ ಅದರ ಗುರಿಯನ್ನು 1 ಲಕ್ಷ ಮೆಗಾವಾಟಿಗೆ ಏರಿಸಿದ್ದು ಹಾಗೂ ಚೀನಾದಿಂದಾಗಿ ಫಲಕದ ಬೆಲೆ ಕುಸಿದದ್ದರಿಂದ. ಫಲಕಕ್ಕೆಂದು ಕಲಾಂ ನೆಚ್ಚಿದ್ದ ಕಾರ್ಬನ್ ನ್ಯಾನೊ ಕೊಳವೆ ಎಂಬ ಹೊಸ ವಸ್ತುವಿನಿಂದಲ್ಲ, ಹಳೇ ಸಿಲಿಕಾನಿನಿಂದಲೇ. ಜಟ್ರೋಪದ ಪ್ರಸ್ತಾವವೂ ಅವರ ಭಾಷಣಕ್ಕೆ ಮೊದಲೇ ಇತ್ತು. ಆದರೆ ಅವರ ಮಾತಿಗೆ ಜನರಲ್ಲಿದ್ದ ನಂಬಿಕೆ ಯಾವ ಮಂತ್ರಿಗೂ ಇರಲಿಲ್ಲ. ಎಕರೆಗೆ 2 ಟನ್ ಎಂಬ ಅಂಕಿ ಅವರ ಬಾಯಿಂದ ಬಂದಾಗ ಅದನ್ನು ಮರುಲೆಕ್ಕ ಹಾಕುವವರು ಕಡಿಮೆಯಾದರು. ಅಷ್ಟು ಹೊಣೆ ಅವರದ್ದೇ.

ಪ್ರಶ್ನೆ: ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದೆ. ಕರೆಂಟ್ ಹೋದರೆ ಬಿಸಿಲಿದ್ದರೂ ಅದೂ ಬಂದ್! ಇದ್ಯಾವ ಸ್ವಾವಲಂಬನೆ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಅದು ದೋಷವಲ್ಲ. ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ಮನೆಯ ಕರೆಂಟ್ ತಂತಿಗೆ ಹರಿಯಬಾರದೆಂದು ಗ್ರಿಡ್ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಹೋದಾಗಲೂ ಮನೆಗೆ ಬೇಕಿದ್ದರೆ ಬ್ಯಾಟರಿಯೊಂದಿಗೆ ನಡೆಯುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ. ಕೇಂದ್ರದ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ಬ್ಯಾಟರಿಗೆ ಅಂತ ಹೆಚ್ಚುವುದಿಲ್ಲ. ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಎಂಬುದು ವರ್ಷದ ಸರಾಸರಿ, ಜುಲೈ ಮಳೆಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಸಿಲ್ವರ್ ಓಕಿನ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರ ಸಾಲಿನ ಉತ್ಪಾದನೆಯೆಲ್ಲ ಇಳಿಯುತ್ತದೆ. ಮಳೆ ನಿಂತ ಕೂಡಲೇ ಫಲಕದ ಕೆಳಅಂಚಿನ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ, ಬೆಳಿಗ್ಗೆ ಫಲಕ ತಣ್ಣಗಿರುವಾಗ ಒರೆಸಿ.