ನಲ್ಲಿ ತಿರುಗಿಸಿ, ಅಲ್ಲಿಂದ ಶುರು ಮಾಡಿ

ಈ ಸಲದ ಪತ್ರ ಬೊರಿವಲಿಯಿಂದ ಬಂದಿದೆ. ಬರೆದವರು ಮುಂಬಯಿ ಉಪನಗರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾರೆ, ನಮ್ಮ ಹಳೆಯ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ಎಂ.ಎ. ತರಗತಿಗೆ ಆದಿವಾಸಿ ರಾಜಕಾರಣ ಕಲಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಮೊದಲ ದಿನ, ಆದಿವಾಸಿ ಅಂದರೆ ಏನು ನೆನಪಾಗುತ್ತದೆ ಎಂದು ಕೇಳಿದೆ. ವಾರ್ಲಿ ಚಿತ್ರ, ಕುಣಿತ, ನಕ್ಸಲರು ಅಂದರು. 'ಮೇಡಂ, ಅವರಿಗೆ ಅಭಿವೃದ್ಧಿ ಯಾಕೆ ಬೇಡ?' ಅಂತ ಒಬ್ಬ ಕೇಳಿದ. ಪಾಲ್ಘರ್ ಕಡೆಯ ಆದಿವಾಸಿ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಎಲ್ಲಿಂದ ಶುರು ಮಾಡಲಿ? ಉಡುಪಿ ಕಡೆಯ ಜಮೀನಿದ್ದವರ ಮನೆಯ ನಾನು ಇದನ್ನು ಕಲಿಸಬಹುದಾ? ಎಲ್ಲರನ್ನೂ ಒಮ್ಮೆ ಗೋರೆಗಾಂವ್‌ನ ಆರೆಯ ಆದಿವಾಸಿ ಪಾಡಾ (ಕೇರಿ) ಒಂದಕ್ಕೆ ಕರೆದುಕೊಂಡು ಹೋದರೆ ಹೇಗೆ?"

ಮೇಡಂ,

ನಿಮ್ಮ ಹುಡುಗರನ್ನು ಅನ್ನುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ದೀಪಾವಳಿ ವಿಶೇಷಾಂಕದ ಮುಖಪುಟಕ್ಕೆ ವಾರ್ಲಿ ಅಂಚು ಹಾಕಿದ್ದೆವು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಚಿತ್ರ. ಬಿಡಿಸಿದವರು ಯಾರು ಅಂತ ಪುಟ ಕಟ್ಟುವ ಹುಡುಗನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗಿನ ಅಷ್ಟೂ ಪುಟಗಳಲ್ಲಿ ವಾರ್ಲಿಗಳ ಬಗ್ಗೆ ಒಂದು ಸಾಲಿರಲಿಲ್ಲ. ಮುಖಪುಟ ತುಂಬಾ ಚೆನ್ನಾಗಿದೆ ಅಂತ ಪತ್ರಗಳು ಮಾತ್ರ ಬಂದವು. ನೀವೂ ಬರೆದಿದ್ದಿರಿ ಅಂತ ನೆನಪು!

ಹಾಗಾಗಿ ಚಿತ್ರ, ಕುಣಿತ, ಹಬ್ಬ ಇವನ್ನೆಲ್ಲ ಸದ್ಯಕ್ಕೆ ಬದಿಗಿಡಿ. ನೀವು ಕಲಿಸಬೇಕಾದದ್ದು ರಾಜಕಾರಣ. ಅಂದರೆ, ಯಾರ ನೆಲದ ಬಗ್ಗೆ ಯಾರು ತೀರ್ಮಾನ ಮಾಡುತ್ತಾರೆ ಅನ್ನೋದು. ಅದಕ್ಕೆ ದೂರದ ಕಾಡಿನ ಜಿಲ್ಲೆ ಗಡ್‌ಚಿರೋಲಿಗೆ ಹೋಗಬೇಕಾಗಿಲ್ಲ. ಕಾಲೇಜಿನ ನಲ್ಲಿ ಸಾಕು.

ಮುಂಬಯಿಗೆ ಏಳು ಕೆರೆಗಳ ನೀರು ಬರುತ್ತದೆ ಅಂತ ಇಲ್ಲಿನ ಮಕ್ಕಳು ಶಾಲೆಯಲ್ಲೇ ಬಾಯಿಪಾಠ ಮಾಡಿರುತ್ತಾರೆ. ಅವುಗಳಲ್ಲಿ ವಿಹಾರ ಮತ್ತು ತುಳಸಿ ಊರೊಳಗೇ ಇವೆ. ಉಳಿದ ಐದು ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಗುಡ್ಡಗಳ ನಡುವೆ. ಭಾತ್ಸಾ ಒಂದೇ ಹತ್ತಿರ ಹತ್ತಿರ ಅರ್ಧ ಊರಿಗೆ ನೀರು ಕೊಡುತ್ತದೆ. ಅದಿರುವುದು ಶಹಾಪುರ ತಾಲೂಕಿನಲ್ಲಿ. ವಾರ್ಲಿ, ಕಾತಕರಿ, ಮಹಾದೇವ ಕೋಳಿ, ಠಾಕೂರರ ಊರುಗಳು. ಅದೇ ಶಹಾಪುರದ ಎಷ್ಟೋ ಪಾಡಾಗಳಿಗೆ ಏಪ್ರಿಲ್ ಮೇ ಬಂದರೆ ಟ್ಯಾಂಕರೇ ಗತಿ. ಕಟ್ಟೆಯ ನೀರು ಪೈಪಿನಲ್ಲಿ ಎದುರಿಗೇ ಹಾದು ನಮ್ಮ ಕಡೆ ಬರುತ್ತದೆ. ಹೆಂಗಸರು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ. ಇದನ್ನು ಹೇಳಿದ ಮೇಲೆ "ಅವರಿಗೆ ಅಭಿವೃದ್ಧಿ ಯಾಕೆ ಬೇಡ" ಅಂದ ಹುಡುಗನಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಬೇಕೋ ಬೇಡವೋ ಅಂತ ಅವರನ್ನು ಯಾರಾದರೂ ಕೇಳಿದ್ದರಾ?

ಹಾಗೆ ಕೇಳಿದ ಒಂದು ಉದಾಹರಣೆ ನಮ್ಮ ದೇಶದಲ್ಲೇ ಇದೆ. ಒಡಿಶಾದ ನಿಯಮಗಿರಿ. ಬೆಟ್ಟದ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ತೆಗೆಯಬೇಕೋ ಬೇಡವೋ ಎಂಬ ವಿಚಾರದಲ್ಲಿ ಗ್ರಾಮಸಭೆಗಳ ಮಾತು ಕೇಳಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಕೂಡಿತು. ನೋಡಿಕೊಳ್ಳಲು ನ್ಯಾಯಾಧೀಶರೊಬ್ಬರು ಇದ್ದರು. ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಮತ್ತು ಅವರ ನೆರೆಹೊರೆಯವರು ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿದರು. ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಈ ಒಂದು ಪ್ರಕರಣಕ್ಕೆ ಪೂರ್ತಿ ಎರಡು ತರಗತಿ ಕೊಡಿ. ಜಾಸ್ತಿಯಾದರೂ ಪರವಾಗಿಲ್ಲ.

ಹೆಸರಿನ ಜಗಳಕ್ಕೆ ಅಷ್ಟು ಹೊತ್ತು ಕೊಡಬೇಡಿ. ಆದಿವಾಸಿ, ಬುಡಕಟ್ಟು, ಗಿರಿಜನ, ವನವಾಸಿ ಅಂತ ಒಂದೊಂದು ಪದದ ಹಿಂದೆ ಒಂದೊಂದು ಪಕ್ಷ ನಿಂತಿದೆ, ಅಷ್ಟು ಹೇಳಿದರೆ ಸಾಕು. ಮೂಲನಿವಾಸಿಗಳ ಹಕ್ಕಿನ ಬಗ್ಗೆ 2007ರಲ್ಲಿ ವಿಶ್ವಸಂಸ್ಥೆ ಘೋಷಣೆ ಹೊರಡಿಸಿದಾಗ ಭಾರತ ಅದರ ಪರವಾಗಿಯೇ ಮತ ಹಾಕಿತು. ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಅನ್ನುವುದು ಸರ್ಕಾರದ ನಿಲುವು. ಎಲ್ಲರೂ ಅಂದರೆ ಯಾರೂ ಅಲ್ಲ ಅಂದ ಹಾಗೆ, ಅಲ್ವಾ?

ಕಾನೂನಿನ ಗೆರೆ ಮಾತ್ರ ತೋರಿಸಲೇಬೇಕು. ಪಾಲ್ಘರ್ ಜಿಲ್ಲೆಯ ಡಹಾಣು, ತಲಾಸರಿಯ ವಾರ್ಲಿ, ಆದಿವಾಸಿ ನೆಲಕ್ಕೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶದಲ್ಲಿದ್ದಾನೆ. ಅಲ್ಲಿ 1996ರ ಪೇಸಾ, ಅಂದರೆ ಅನುಸೂಚಿತ ಪ್ರದೇಶಗಳ ಪಂಚಾಯತಿ ಕಾಯ್ದೆಯಂತೆ ಗ್ರಾಮಸಭೆಗೆ ಒಂದಿಷ್ಟು ಅಧಿಕಾರ ಇದೆ. ಆರೆಯ ವಾರ್ಲಿಗೆ ಅದಿಲ್ಲ, ಯಾಕೆಂದರೆ ಮುಂಬಯಿ ಅನುಸೂಚಿತ ಪ್ರದೇಶವಲ್ಲ. ಆರೆಯಲ್ಲಿ ಹಾಲಿನ ಕಾಲೊನಿ ಬರುವ ಮೊದಲೇ ಅವರು ಅಲ್ಲಿದ್ದವರು. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್‌ಗೆ ರಾತ್ರೋರಾತ್ರಿ ಮರ ಕಡಿದಾಗ ನಿಮ್ಮ ವಿದ್ಯಾರ್ಥಿಗಳು ಹೈಸ್ಕೂಲಿನಲ್ಲೋ ಜೂನಿಯರ್ ಕಾಲೇಜಿನಲ್ಲೋ ಇದ್ದಿರಬೇಕು. ಮರಗಳು ಅವರಿಗೆ ನೆನಪಿರುತ್ತವೆ. ಅಲ್ಲಿ ಜನ ಇದ್ದರು ಅನ್ನೋದು ನೆನಪಿದೆಯಾ ಕೇಳಿ. ನಮ್ಮ ಕಡೆಯದೂ ಒಂದು ಹೇಳಿ. ಗೋವಾದ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಗಡಿ ದಾಟಿ ಉತ್ತರ ಕನ್ನಡದ ಜೋಯಿಡಾಕ್ಕೆ ಬಂದರೆ ಅದೇ ಕುಣಬಿಗಳು ವರ್ಷಗಳಿಂದ ಅದನ್ನೇ ಕೇಳುತ್ತಿದ್ದಾರೆ. ನಡುವೆ ಇರೋದು ಒಂದು ಚೆಕ್‌ಪೋಸ್ಟು.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಸುಮ್ನೆ ಓದಿಸಬೇಡಿ, ಆಡಿಸಿ. ಪಂಗಡದ ಪಟ್ಟಿಯಲ್ಲಿ ಇಲ್ಲದವರು ಕಾಡಿನ ನೆಲದ ಹಕ್ಕು ಕೇಳಬೇಕಾದರೆ 2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿದರೆ 1930. ಒಂದು ವಾರ ಸಮಯ ಕೊಟ್ಟು, ನಿಮ್ಮ ಮನೆಯವರು 1930ರಲ್ಲಿ ಎಲ್ಲಿದ್ದರು, ಕಾಗದ ತನ್ನಿ ಅನ್ನಿ. ನಮ್ಮ ಮನೆಯಲ್ಲಿ ನಾನೇ ಹುಡುಕಿ ನೋಡಿದೆ. ಅಪ್ಪ ಫೋರ್ಟಿನ ಹೋಟೆಲಿಗೆ ಬಂದು ಸೇರಿದ ವರ್ಷಕ್ಕೇ ದಾಖಲೆ ಇಲ್ಲ, ಅಜ್ಜನದ್ದು ದೂರದ ಮಾತು. ತಗಡಿನ ಟ್ರಂಕಿನಲ್ಲಿ ಸಿಕ್ಕಿದ್ದು ಗೆದ್ದಲು ತಿಂದ ಒಂದು ಗೇಣಿ ಚೀಟಿ. ವರ್ಷ ಬರೆದ ಮೂಲೆಯೇ ಇಲ್ಲ! ಮನೆಯ ಗುರುತು, ಬಾವಿ, ಸಮಾಧಿ, ಹಿರಿಯರ ಮಾತು ಇವೂ ಸಾಕ್ಷಿಯೇ ಎಂದು ಆ ಕಾಯ್ದೆಯ ನಿಯಮಗಳು ಯಾಕೆ ಒಪ್ಪಿಕೊಂಡವು ಅಂತ ಆಗ ಹುಡುಗರಿಗೆ ತಾನಾಗಿ ಹೊಳೆಯುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಲಿಸಬಹುದಾ ಅಂದರೆ, ಕಲಿಸಿ. ಆದರೆ ನಮ್ಮೂರನ್ನು ಬಿಟ್ಟು ಕಲಿಸಬೇಡಿ. ನಾನು ಕಾರ್ಕಳದ ಹತ್ತಿರದವನು. ಚಿಕ್ಕವನಿದ್ದಾಗ ನಮ್ಮ ಕಡೆಯ ಆದಿವಾಸಿಗಳಾದ ಕೊರಗರ ಹೆಂಗಸೊಬ್ಬರು ಬುಟ್ಟಿ, ತಡ್ಪೆ (ಮೊರ) ತರುತ್ತಿದ್ದರು. ಅಂಗಳದ ಆ ತುದಿಗೇ ನಿಲ್ಲುತ್ತಿದ್ದರು. ಬುಟ್ಟಿ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ಅಜ್ಜಿ ಹೋಗಿ ಎತ್ತಿಕೊಳ್ಳುತ್ತಿದ್ದರು. ಆ ನಾಲ್ಕು ಹೆಜ್ಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಅದು ವಿಚಿತ್ರ ಅನಿಸಿರಲೇ ಇಲ್ಲ. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ವಾರ್ಲಿಗಳ ಬಗ್ಗೆ ಈಗ ಇಷ್ಟು ಧಾರಾಳವಾಗಿ ಬರೆಯುತ್ತಿರುವ ನಾನು, ಸಂಪಾದಕನಾದ ಮೇಲೆ ಕೊರಗರ ಬಗ್ಗೆ ಎಷ್ಟು ಬರೆದಿದ್ದೇನೆ ಅಂತ ಹಳೆಯ ಸಂಚಿಕೆ ತಿರುವಿದೆ. ಒಂದೂ ಇಲ್ಲ.

ಪಾಡಾಕ್ಕೆ ಕರೆದುಕೊಂಡು ಹೋಗುವುದು ನನಗೆ ಇಷ್ಟವಿಲ್ಲ. ಐವತ್ತು ಜನ ಮೊಬೈಲ್ ಹಿಡಿದು ಒಬ್ಬರ ಮನೆಯಂಗಳದಲ್ಲಿ ನಿಂತರೆ ಅದು ಪಾಠವಲ್ಲ, ಪಿಕ್ನಿಕ್. ಅಲ್ಲಿನವರೇ ಹೋರಾಟದ ಬಗ್ಗೆ ಮಾತಾಡಲು ಒಪ್ಪಿದರೆ ನಿಮ್ಮ ತರಗತಿಗೆ ಕರೆಯಿರಿ. ಬೇರೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಶಾಲು, ತೆಂಗಿನಕಾಯಲ್ಲಿ ಮುಗಿಸಬೇಡಿ.

ಇನ್ನು ಹಿಂದಿನ ಬೆಂಚಿನ ಆ ಹುಡುಗಿ. ದಯವಿಟ್ಟು ಅವಳನ್ನು ಎಬ್ಬಿಸಿ, ನಿಮ್ಮವರ ಬಗ್ಗೆ ಹೇಳು ಅನ್ನಬೇಡಿ. ಬೇರೆ ಯಾರ ಬಳಿಯೂ ಅವರ ಜಾತಿಯ ಪರವಾಗಿ ಮಾತಾಡಿ ಅಂತ ನೀವು ಕೇಳುವುದಿಲ್ಲ. ಅದರ ಬದಲು ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಅವರ ಭಾಷಣ ಓದಿಸಿ. 1928ರ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕ, ಆಕ್ಸ್‌ಫರ್ಡ್‌ನಲ್ಲಿ ಓದಿದವರು. 1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ನಾನೊಬ್ಬ ಜಂಗ್ಲಿ ಅಂತ ಮಾತಿನ ಶುರುವಿನಲ್ಲೇ ಹೆಮ್ಮೆಯಿಂದ ಹೇಳಿಕೊಂಡರು. ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸಲಾರಿರಿ, ಅವರಿಂದ ನೀವೇ ಕಲಿಯಬೇಕು ಅಂದರು. ಸಭೆಯಲ್ಲಿ ಘಟಾನುಘಟಿಗಳು ಕೂತಿದ್ದರು.

ಆ ಭಾಷಣದ ಕನ್ನಡ ಅನುವಾದ ಮಾಡಿಟ್ಟಿದ್ದೇನೆ, ಕೈಬರಹದಲ್ಲಿದೆ. ಝೆರಾಕ್ಸ್ ಮಾಡಿಸಿ ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ನಾಲ್ಕನೇ ಪುಟ ಸ್ವಲ್ಪ ಮಸುಕಾಗಿದೆ, ಓದಲಾಗದಿದ್ದರೆ ಫೋನ್ ಮಾಡಿ.

ಸಂ.