ಗುಳೆ ಹೋದವರ ತಲೆ ಯಾವ ಊರಿನ ಲೆಕ್ಕಕ್ಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಬಾರಿಯ ವಿಷಯ: ವಲಸೆ, ಸರ್ಕಾರದ ಬಜೆಟ್ ಮತ್ತು ಬದಲಾಗುತ್ತಿರುವ ಜನಸಂಖ್ಯೆ. ಉತ್ತರಿಸಿದವರು ಬೆಳಗಾವಿಯಲ್ಲಿ ಸಾರ್ವಜನಿಕ ಹಣಕಾಸು ಕಲಿಸಿ ನಿವೃತ್ತರಾದ ಅರ್ಥಶಾಸ್ತ್ರದ ಪ್ರಾಧ್ಯಾಪಕರು.

ಪ್ರಶ್ನೆ: ಸರ್, ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ಹದಿನಾಲ್ಕು ಕೆಲಸಗಾರರಲ್ಲಿ ಒಂಬತ್ತು ಮಂದಿ ಬಿಹಾರ ಮತ್ತು ಉತ್ತರ ಪ್ರದೇಶದವರು. ‘ಹೊರಗಿನವರು ಬಂದು ನಮ್ಮ ರೇಷನ್, ನಮ್ಮ ಗ್ಯಾರಂಟಿ, ನಮ್ಮ ಆಸ್ಪತ್ರೆ ಎಲ್ಲವನ್ನೂ ತಿನ್ನುತ್ತಿದ್ದಾರೆ, ರಾಜ್ಯದ ಬೊಕ್ಕಸ ಬರಿದಾಗುತ್ತಿದೆ’ ಎಂದು ನನ್ನ ತಮ್ಮ ದಿನವೂ ವಾದ ಹೂಡುತ್ತಾನೆ. ಅವರಿಲ್ಲದಿದ್ದರೆ ನನ್ನ ಕುಲುಮೆ ಒಂದು ದಿನವೂ ಉರಿಯುವುದಿಲ್ಲ. ಯಾರ ಮಾತು ಸರಿ?
– ಓದುಗರು, ಬೆಳಗಾವಿ

ಉತ್ತರ: ನಿಮ್ಮ ತಮ್ಮನವರ ಮೂರು ದೂರುಗಳನ್ನೂ ಲೆಕ್ಕದ ಪುಸ್ತಕದ ಮುಂದಿಟ್ಟು ನೋಡೋಣ.

‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ ಸೇರಿದ್ದು 2020ರ ಜನವರಿಯಲ್ಲಿ. ಬಿಹಾರದ ಚೀಟಿ ಇರುವವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯುವುದು 2013ರ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಮಾತ್ರ. ಆದ್ಯತಾ ಕುಟುಂಬವಾದರೆ ತಲೆಗೆ 5 ಕೆ.ಜಿ. ಆ ಧಾನ್ಯದ ಹಣ ಕೊಡುವುದು ಕೇಂದ್ರ. ನಮ್ಮ ರಾಜ್ಯ ತನ್ನ ಬೊಕ್ಕಸದಿಂದ ಕೊಡುವ ಅನ್ನಭಾಗ್ಯದ ಹೆಚ್ಚುವರಿ ಪಾಲು ಕರ್ನಾಟಕದ ಚೀಟಿಗೆ ಮಾತ್ರ ಸಿಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಗೂ ಇಲ್ಲಿನ ಚೀಟಿ ಬೇಕು, ಶಕ್ತಿ ಯೋಜನೆಯ ಬಸ್ಸಿಗೆ ಇಲ್ಲಿನ ವಿಳಾಸವಿರುವ ಗುರುತಿನ ಚೀಟಿ ಬೇಕು. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಬಾಡಿಗೆ ಮನೆಯಲ್ಲಿದ್ದು ಗೃಹಜ್ಯೋತಿಗೆ ನೋಂದಾಯಿಸಿಕೊಂಡವರನ್ನು ಬಿಟ್ಟರೆ, ನಿಮ್ಮ ಒಂಬತ್ತು ಮಂದಿಗೆ ಆ ಹಣ ತಲುಪುವ ದಾರಿಯೇ ಇಲ್ಲ.

ಸಿಗಬೇಕಾದದ್ದಾದರೂ ಸಿಗುತ್ತದೆಯೇ? ಅಥಣಿ ಕಡೆಯ ಒಂದು ನ್ಯಾಯಬೆಲೆ ಅಂಗಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಚೀಲದಿಂದ ಚೀಟಿ ತೆಗೆದು ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ ಹೊತ್ತಿತು. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು, ಮತ್ತೆ ಕೆಂಪು. ರವುದಿಯ, ಅಂದರೆ ಕಬ್ಬಿನ ಒಣಗರಿಯ, ಅಂಚು ತಾಗಿ ತಾಗಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಿಂದೆ ನಿಂತವರು ಗೊಣಗತೊಡಗಿದರು. ಆಕೆ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಎರಡು ಕೆ.ಜಿ. ಅಕ್ಕಿ ಕೊಂಡಳು. ನಮ್ಮ ಬೊಕ್ಕಸವನ್ನು ಬರಿದು ಮಾಡುತ್ತಿದ್ದಾರೆ ಎಂದು ನಾವು ದೂರುವುದು ಇವರನ್ನೇ.

ಇನ್ನು ಆಸ್ಪತ್ರೆ. ಹತ್ತು ಜನರಿಗಿಂತ ಹೆಚ್ಚು ಕೆಲಸಗಾರರಿರುವುದರಿಂದ ನಿಮ್ಮ ಫೌಂಡ್ರಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ, ವ್ಯಾಪ್ತಿಗೆ ಬರುತ್ತದೆ. 15,000 ರೂಪಾಯಿ ಸಂಬಳದವನಿಂದ ತಿಂಗಳಿಗೆ 112 ರೂಪಾಯಿ 50 ಪೈಸೆ, ನಿಮ್ಮಿಂದ 487 ರೂಪಾಯಿ 50 ಪೈಸೆ, ಒಟ್ಟು 600 ರೂಪಾಯಿ ಕಟ್ಟುತ್ತೀರಿ. ಆ ಚಿಕಿತ್ಸೆಯ ವೆಚ್ಚದಲ್ಲಿ ರಾಜ್ಯ ಸರ್ಕಾರ ಭರಿಸುವುದು ಎಂಟರಲ್ಲಿ ಒಂದು ಪಾಲು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹಣವೂ ಬಜೆಟ್ಟಿನದಲ್ಲ. ಅದು ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ನೂರಕ್ಕೆ 1ರ ಸೆಸ್. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಯಾವ ರಾಜ್ಯದವರಾದರೂ ನೋಂದಾಯಿಸಿಕೊಳ್ಳಬಹುದು. ಸರ್ಕಾರಿ ಆರೋಗ್ಯ ಕೇಂದ್ರ, ಅಂಗನವಾಡಿ, ಶಾಲೆಗಳ ಖರ್ಚು ಮಾತ್ರ ನಿಜವಾದ ಖರ್ಚು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಜಮೆಯ ಕಡೆಗೂ ಕಣ್ಣು ಹಾಯಿಸಿ. ಜಿಎಸ್‌ಟಿ ಎನ್ನುವುದು ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಸೇರುವ ತೆರಿಗೆ. ನಿಮ್ಮ ಕೆಲಸಗಾರ ಖಡೇಬಜಾರಿನಲ್ಲಿ 315 ರೂಪಾಯಿಗೆ ಒಂದು ಜೊತೆ ಚಪ್ಪಲಿ ಕೊಂಡರೆ ಅದರಲ್ಲಿ ತೆರಿಗೆ 15 ರೂಪಾಯಿ. ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ. ಬಿಹಾರಕ್ಕೆ ನೇರವಾಗಿ ಏನೂ ಇಲ್ಲ. ಸಾಬೂನು, ಪಾತ್ರೆ, ಹೋಟೆಲಿನ ಊಟ ಎಲ್ಲಕ್ಕೂ ಇದೇ ಲೆಕ್ಕ. ಅವನು ಬೈಕಿಗೆ ಹಾಕಿಸುವ ಪೆಟ್ರೋಲಿನ ಮಾರಾಟ ತೆರಿಗೆಯಂತೂ ಪೂರ್ತಿ ನಮ್ಮ ರಾಜ್ಯದ್ದೇ. ಅವನನ್ನು ಹೆತ್ತು, ಸಾಕಿ, ಶಾಲೆಗೆ ಕಳಿಸಿದ ಖರ್ಚು ಬಿಹಾರದ್ದು, ದುಡಿಯುವ ತೋಳು ಬಂದದ್ದು ನಮಗೆ.

ಹಾಗಾದರೆ ನಿಮ್ಮ ತಮ್ಮನವರ ಸಿಟ್ಟಿಗೆ ಆಧಾರವೇ ಇಲ್ಲವೇ? ಇದೆ, ಆದರೆ ಅವರು ಬೊಟ್ಟು ಮಾಡುವ ಕಡೆ ಅಲ್ಲ. ತೆರಿಗೆ ಹೋಗುವುದು ಬೆಂಗಳೂರಿಗೆ ಮತ್ತು ದೆಹಲಿಗೆ. ನೀರು, ಚರಂಡಿ, ಕಸ, ಬೀದಿದೀಪದ ಹೊರೆ ಬೀಳುವುದು ಬೆಳಗಾವಿಯ ಪಾಲಿಕೆಯ ಹೆಗಲಿಗೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರ ಹೇಳುವುದು ಹಣಕಾಸು ಆಯೋಗ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ನೂರಕ್ಕೆ 90 ಭಾಗ ತೂಕ ಕೊಟ್ಟದ್ದು ಜನಸಂಖ್ಯೆಗೆ, ಅದೂ 2011ರ ಜನಸಂಖ್ಯೆಗೆ. 2021ರಲ್ಲಿ ನಡೆಯಬೇಕಿದ್ದ ಗಣತಿ 2027ಕ್ಕೆ ಹೋಗಿದೆ. ಹದಿನೈದು ವರ್ಷ ಹಳೆಯ ತಲೆಲೆಕ್ಕ ಹಿಡಿದು ಇವತ್ತಿನ ಊರಿಗೆ ನೀರು ಹಂಚಿದರೆ ನಲ್ಲಿಯ ಮುಂದೆ ಜಗಳ ಹುಟ್ಟದೆ ಇನ್ನೇನಾಗುತ್ತದೆ? ಜಗಳವಾಡುವವರು ಮಾತ್ರ ಪಕ್ಕದ ಬಾಡಿಗೆ ಮನೆಯ ಬಿಹಾರದವನನ್ನು ನೋಡುತ್ತಾರೆ.

ಕೂಲಿ ಇಳಿಯುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಹೊರಗಿನವನಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಸ್ಥಳೀಯನನ್ನು ಬಿಡಿಸುವವನು ಗುತ್ತಿಗೆದಾರ. ಅಲ್ಲಿ ಕಾನೂನು ಬಿಗಿಯಾದರೆ ಇಬ್ಬರಿಗೂ ಲಾಭ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಏಳು ಕಾರ್ಮಿಕರು ಸತ್ತರು. ಏಳೂ ಮಂದಿ ಬಿಹಾರದವರು. ಅವರಿಂದ ನಮಗಾದ ಖರ್ಚನ್ನು ಕೂಡಿಸಿ ಕಳೆಯುವ ಮೊದಲು ನನಗೆ ಆ ಸುದ್ದಿ ನೆನಪಾಗುತ್ತದೆ.

ಪ್ರಶ್ನೆ: ನಾವು ದಕ್ಷಿಣದವರು ಮಕ್ಕಳನ್ನು ಕಡಿಮೆ ಮಾಡಿಕೊಂಡೆವು, ಅದಕ್ಕೇ ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು ಕಡಿಮೆಯಾಯಿತು ಎನ್ನುತ್ತಾರೆ. ಇದು ನಿಜವೇ ಸರ್?
– ಪ್ರೌಢಶಾಲಾ ಶಿಕ್ಷಕಿ, ಬಾಗಲಕೋಟೆ

ಉತ್ತರ: ಅರ್ಧ ನಿಜ. 14ನೇ ಹಣಕಾಸು ಆಯೋಗದಲ್ಲಿ (2015-20) ನಮ್ಮ ಪಾಲು ನೂರಕ್ಕೆ 4.713 ಇತ್ತು, 15ನೇ ಆಯೋಗದಲ್ಲಿ (2021-26) 3.647ಕ್ಕೆ ಇಳಿಯಿತು. 14ನೆಯದು 1971ರ ಜನಸಂಖ್ಯೆಗೂ ತೂಕ ಕೊಟ್ಟಿತ್ತು, 15ನೆಯದು ಅದನ್ನು ಬಿಟ್ಟು 2011ನ್ನಷ್ಟೇ ಹಿಡಿಯಿತು. ಅಲ್ಲಿ ನಮಗೆ ಪೆಟ್ಟು ಬಿತ್ತು. ಆದರೆ ಜನನ ಪ್ರಮಾಣ ಇಳಿಸಿದ ಸಾಧನೆಗೆಂದೇ ಅದು ನೂರರಲ್ಲಿ 12.5 ಅಂಕ ಇಟ್ಟಿತ್ತು, ಅದರಿಂದ ನಮಗೆ ಅನುಕೂಲವೇ ಆಯಿತು. ದೊಡ್ಡ ಪೆಟ್ಟು ಬಿದ್ದದ್ದು 45 ಅಂಕದ ‘ಆದಾಯದ ಅಂತರ’ ಎಂಬ ಮಾನದಂಡದಿಂದ. ತಲಾ ಆದಾಯ ಹೆಚ್ಚಿದಷ್ಟೂ ಪಾಲು ಕಡಿಮೆ.

ಇಲ್ಲಿ ನಮ್ಮ ಭಾಗದವರಿಗೆ ಆಗುವ ಅನ್ಯಾಯವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ರಾಜ್ಯದ ತಲಾ ಆದಾಯವನ್ನು ಏರಿಸಿದ್ದು ಬೆಂಗಳೂರು. ಆ ಸರಾಸರಿಯಲ್ಲಿ ಬಾದಾಮಿಯ ನೇಕಾರನೂ ಇಂಡಿ ತಾಲೂಕಿನ ಕೂಲಿಯೂ ಶ್ರೀಮಂತರಾಗಿಬಿಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಪಕ್ಕದ ಕಲಬುರಗಿ, ಯಾದಗಿರಿ, ಕೊಪ್ಪಳಕ್ಕೆ ಬಂತು, ವಿಜಯಪುರ ಮತ್ತು ಬಾಗಲಕೋಟೆ ಗಡಿಯಾಚೆ ಉಳಿದವು. ಕೇಂದ್ರದಿಂದ ನ್ಯಾಯ ಕೇಳುವ ಬೆಂಗಳೂರು ಅದೇ ಅಳತೆಗೋಲನ್ನು ನಮ್ಮ ಜಿಲ್ಲೆಗಳಿಗೂ ಹಿಡಿಯಬೇಕು.

ಮಕ್ಕಳ ಸಂಖ್ಯೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ, 1.7, ಬಿಹಾರದ್ದು 3.0. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲೇ ಇದು ಕಾಣುತ್ತಿರಬಹುದು. ಇಂದಿನ ಮಕ್ಕಳು ದುಡಿಯುವ ವಯಸ್ಸಿಗೆ ಬರುವಾಗ ನಾವೆಲ್ಲ ವೃದ್ಧಾಪ್ಯ ವೇತನದ ಸಾಲಿನಲ್ಲಿರುತ್ತೇವೆ. ಆ ವೇತನಕ್ಕೆ ತೆರಿಗೆ ಕಟ್ಟುವವರಲ್ಲಿ ಇಂದು ವಲಸೆ ಬಂದವರ ಮಕ್ಕಳೂ ಇರುತ್ತಾರೆ. ಅವರನ್ನು ಈಗ ಶಾಲೆಗೆ ಸೇರಿಸಿಕೊಳ್ಳುವುದು ನಮ್ಮದೇ ಮುಂದಿನ ಬುತ್ತಿ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಹಿಂದಿಯವರು ಹೆಚ್ಚುತ್ತಿದ್ದಾರೆ ಎಂದು ಜನಗಣತಿಯ ಅಂಕಿಯನ್ನೇ ತೋರಿಸುತ್ತಾರೆ. ಕನ್ನಡಕ್ಕೆ ಅಪಾಯವೇ?
– ಓದುಗರು, ಬಸವನ ಬಾಗೇವಾಡಿ

ಉತ್ತರ: ಆ ಅಂಕಿಯನ್ನು ಹುಷಾರಾಗಿ ಓದಬೇಕು. ಜನಗಣತಿ ಲಂಬಾಣಿ ಮಾತನ್ನು ಹಿಂದಿಯ ಗುಂಪಿನೊಳಗೆ ಸೇರಿಸುತ್ತದೆ. ನಿಮ್ಮ ಜಿಲ್ಲೆಯ ತಾಂಡಾಗಳಲ್ಲಿ ತಲೆತಲಾಂತರದಿಂದ ಇರುವ ಜನ ಕಾಗದದ ಮೇಲೆ ‘ಹಿಂದಿಯವರು’ ಆಗಿಬಿಡುತ್ತಾರೆ! ಇಡೀ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು 2011ರಲ್ಲಿ ನೂರಕ್ಕೆ 66ರಷ್ಟಿದ್ದರು, 2001ರಲ್ಲೂ ಹೆಚ್ಚುಕಡಿಮೆ ಅಷ್ಟೇ. 2015ರ ಕನ್ನಡ ಕಲಿಕಾ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದೆ. ವಲಸೆ ಬಂದವರ ಮಗು ನಮ್ಮ ಶಾಲೆಯ ಬಾಗಿಲು ದಾಟಿದರೆ ಕನ್ನಡ ಕಲಿಯುತ್ತದೆ, ಇಟ್ಟಿಗೆ ಭಟ್ಟಿಯಲ್ಲೇ ಉಳಿದರೆ ಕಲಿಯುವುದಿಲ್ಲ. ನನ್ನ ಚಿಂತೆ ಇರುವುದು ಆ ಬಾಗಿಲಿನ ಬಗ್ಗೆ.

ಪ್ರಶ್ನೆ: ನಮ್ಮ ತಾಂಡಾದಲ್ಲಿ ದೀಪಾವಳಿ ಮುಗಿದರೆ ಮನೆಮನೆಗೆ ಕೀಲಿ. ಕೆಲವರು ಗೋವಾಕ್ಕೆ, ಕೆಲವರು ಸಾಂಗಲಿ ಕಡೆ ಕಬ್ಬಿಗೆ. ಯುಗಾದಿಗೆ ಮರಳುತ್ತಾರೆ. ಫೆಬ್ರುವರಿಯಲ್ಲಿ ಜನಗಣತಿ ಎಂದರೆ ನಮ್ಮವರ ಹೆಸರು ಎಲ್ಲಿ ಬರುತ್ತದೆ ಸರ್?
– ಗ್ರಾಮ ಪಂಚಾಯಿತಿ ಸದಸ್ಯರು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗೆ ಸಂತೋಷವೂ ಆಯಿತು, ಆತಂಕವೂ ಆಯಿತು. ಈ ಪ್ರಶ್ನೆಯನ್ನು ಎಲ್ಲ ಪಂಚಾಯಿತಿಗಳೂ ಕೇಳಬೇಕಿತ್ತು.

2027ರ ಗಣತಿಗೆ ನಮ್ಮ ರಾಜ್ಯದಲ್ಲಿ ಆಧಾರವಾಗುವುದು ಮಾರ್ಚ್ 1ರ ಸ್ಥಿತಿ. ತಲೆ ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ. ಕಬ್ಬಿನ ಹಂಗಾಮು ಆಗ ಇನ್ನೂ ಮುಗಿದಿರುವುದಿಲ್ಲ. 2011ರಲ್ಲಿ ಅನುಸರಿಸಿದ ನಿಯಮದ ಪ್ರಕಾರ, ಎಣಿಕೆಯ ಅವಧಿಯಲ್ಲಿ ಯಾವಾಗಲಾದರೂ ತಮ್ಮ ವಾಸದ ಊರಿನಲ್ಲಿದ್ದವರನ್ನು ಅಲ್ಲೇ ಎಣಿಸಲಾಯಿತು. ಅವಧಿಯುದ್ದಕ್ಕೂ ಹೊರಗಿದ್ದವರನ್ನು ಅವರು ಇದ್ದಲ್ಲೇ ಎಣಿಸಬೇಕಿತ್ತು. ಇದರ ಅರ್ಥ ಏನೆಂದರೆ, ಗುಳೆ ಹೋದ ನಿಮ್ಮ ತಾಂಡಾದ ತಲೆಗಳು ಸಾಂಗಲಿ, ಗೋವಾದ ಲೆಕ್ಕಕ್ಕೆ ಸೇರುತ್ತವೆ. ಮುಧೋಳ, ಅಥಣಿಯ ಗದ್ದೆಗಳಲ್ಲಿ ಗುಡಾರ ಹಾಕಿದ ಬೀಡ್‌ನವರು ನಮ್ಮ ಲೆಕ್ಕಕ್ಕೆ ಬರುತ್ತಾರೆ. ಅಥವಾ ಎರಡೂ ಕಡೆ ಬಿಟ್ಟುಹೋಗುತ್ತಾರೆ. ನನಗೆ ಭಯವಿರುವುದು ಇದರದ್ದೇ. ಕೀಲಿ ಹಾಕಿದ ಮನೆಯ ಮುಂದೆ ಗಣತಿದಾರ ತಿರುಗಿ ಹೋಗುತ್ತಾನೆ, ಗದ್ದೆಯ ಗುಡಾರ ಇನ್ನೊಬ್ಬ ಗಣತಿದಾರನ ನಕ್ಷೆಯಲ್ಲೇ ಇರುವುದಿಲ್ಲ.

ಕಬ್ಬು ಕಡಿಯುವವರ ಲೆಕ್ಕದಲ್ಲಿ ಒಂದು ಕೊಯ್ತಾ ಎಂದರೆ ಗಂಡ, ಹೆಂಡತಿ ಇಬ್ಬರ ದುಡಿಮೆ. ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಪುಸ್ತಕದಲ್ಲಿ ಇಬ್ಬರಿಗೆ ಸೇರಿ ಒಂದೇ ಸಾಲು. ಗಣತಿಯ ಪುಸ್ತಕದಲ್ಲಾದರೂ ಇಬ್ಬರೂ ಇಬ್ಬರಾಗಿಯೇ ಬರೆಯಲ್ಪಡಬೇಕು.

ಗೋವಾದಲ್ಲಿ 2011ರಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ 4ಕ್ಕಿಂತ ಹೆಚ್ಚಿದ್ದರು. ಅಲ್ಲಿನ ಕಟ್ಟಡ, ರಸ್ತೆಗಳಲ್ಲಿ ನಮ್ಮ ಜಿಲ್ಲೆಗಳವರ ಬೆವರಿದೆ. ಅಲ್ಲಿ ಅವರನ್ನು ‘ಘಾಟಿ’ ಎಂದು ಹೀಯಾಳಿಸಿದರೆ ನಮ್ಮ ಕರುಳು ಚುರುಕ್ ಎನ್ನುತ್ತದೆ. ಉದ್ಯಮಬಾಗದ ಬಿಹಾರಿ ಹುಡುಗನ ತಾಯಿಗೂ ಹಾಗೆಯೇ ಆಗುತ್ತದೆ ಎಂಬುದನ್ನು ನಾವು ಮರೆಯಬಾರದು.

ನೀವು ಈಗಲೇ ಮಾಡಬಹುದಾದದ್ದು ಇಷ್ಟು. ಹಂಗಾಮಿಗೆ ಹೊರಡುವ ಮೊದಲು ಮನೆಯವರೆಲ್ಲರ ಪಟ್ಟಿಯೊಂದನ್ನು ಪಂಚಾಯಿತಿಯಲ್ಲಿ ಬರೆದಿಡಿ: ಯಾರು, ಎಷ್ಟು ಜನ, ಯಾವ ಊರಿಗೆ, ಯಾವ ಮುಕಾದಮನ ಜೊತೆ. ಅದನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಪಟ್ಟಿ ಹಿಡಿದು ಅಂಗನವಾಡಿ, ಋತುಮಾನ ಶಾಲೆಗಳನ್ನೂ ಕೇಳಬಹುದು. ಊರಲ್ಲಿ ಉಳಿಯುವ ಹಿರಿಯರಿಗೆ ಗಣತಿದಾರ ಬಂದಾಗ ಏನು ಹೇಳಬೇಕೆಂದು ತಿಳಿಸಿ. ಹೊರಗಿರುವವರು ತಾವಿದ್ದ ಜಾಗದಲ್ಲೇ ಹೆಸರು ಬರೆಸಲಿ. ಹುಟ್ಟಿದ ಜಿಲ್ಲೆ, ಹಿಂದಿನ ವಾಸದ ಊರು, ವಲಸೆಯ ಕಾರಣ, ಮಾತೃಭಾಷೆ ಇವನ್ನು ಸ್ಪಷ್ಟವಾಗಿ ಹೇಳಲಿ. ವಿಜಯಪುರದಿಂದ ಎಷ್ಟು ಜನ ಹೊಟ್ಟೆಪಾಡಿಗೆ ಹೊರಗೆ ಹೋಗಿದ್ದಾರೆ ಎಂಬುದು ಆ ಉತ್ತರಗಳಿಂದಲೇ ಸರ್ಕಾರಕ್ಕೆ ಗೊತ್ತಾಗಬೇಕು. ಈ ಬಾರಿ ಮೊಬೈಲಿನಲ್ಲೇ ಸ್ವತಃ ವಿವರ ತುಂಬುವ ಅವಕಾಶವಿದೆ, ತಾಂಡಾದ ಓದಿದ ಹುಡುಗರು ಅದಕ್ಕೆ ನೆರವಾಗಲಿ.

ಗುಡಾರದ ಕಂಬಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುವ ಕೂಸನ್ನು ಬರೆಸಲು ಮರೆಯಬೇಡಿ ಎಂದು ತಾಯಂದಿರಿಗೆ ಮತ್ತೆ ಮತ್ತೆ ಹೇಳಿ. ಹೆಸರಿಡದಿದ್ದರೂ ಬರೆಸಬಹುದು.