ಸಿನಿಮಾದಲ್ಲಿ ನಗಿಸುತ್ತಿದ್ದ ಉಮಾಶ್ರೀ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನ ಪಾತ್ರಕ್ಕೆ ಇಷ್ಟು ಚೆನ್ನಾಗಿ ಒಗ್ಗಿದ್ದು ಹೇಗೆ?

ನಾಟಕದಲ್ಲಿ ಪಳಗಿದ್ದರಿಂದ. ತುಂಬಾ ಜನ ಉಮಾಶ್ರೀ ಅವರನ್ನು ಹಾಸ್ಯ ಪಾತ್ರಗಳಿಂದಲೇ ಗುರುತಿಸುತ್ತಾರೆ, ಅಲ್ವಾ? ರಂಗಭೂಮಿಯವರಿಗೆ ಮಾತ್ರ ಅವರು ಇವತ್ತಿಗೂ ‘ಒಡಲಾಳ’ ನಾಟಕದ ಸಾಕವ್ವ. ಮೈಸೂರಿನ ದೇವನೂರ ಮಹಾದೇವ ಅವರ ಕತೆಯನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಉಮಾಶ್ರೀ ಇನ್ನೂ ಯುವತಿ. ಪಾತ್ರವೋ, ಕಳೆದುಹೋದ ಹುಂಜ ಹುಡುಕುತ್ತಾ ಅಲೆಯುವ ಮುದುಕಿಯದು. ಸಿಟ್ಟು, ಬಡತನ, ಮಕ್ಕಳು ಮೊಮ್ಮಕ್ಕಳ ಮೇಲಿನ ಅಕ್ಕರೆ ಎಲ್ಲ ಒಂದೇ ಉಸಿರಿನಲ್ಲಿ ಬರಬೇಕು, ಅದೂ ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಅಷ್ಟು ಚಿಕ್ಕ ವಯಸ್ಸಿಗೆ ಇದು ಸುಮ್ನೆ ಮಾತಲ್ಲ.

ಮುಂದೆ ‘ಗುಲಾಬಿ ಟಾಕೀಸ್’ ಚಿತ್ರದ ನಟನೆಗೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 2013ರಲ್ಲಿ ಮಂತ್ರಿಯೂ ಆದರು. 2021ರ ಕೊನೆಗೆ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅವರದು ಗಂಡ ಬಿಟ್ಟ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯ ಪಾತ್ರ. ಮಂಡ್ಯದವನಾದ ನನಗೆ ಅವರ ಮಾತು ಒಮ್ಮೆಯೂ ಕೃತಕ ಅನ್ನಿಸಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ರಂಗದ ಮೇಲೆ ಕೊನೆಯ ಸಾಲಿಗೂ ಕೇಳುವಂತೆ ದನಿ ಎತ್ತಿ ಅಭ್ಯಾಸವಿದ್ದವರು, ಕ್ಯಾಮೆರಾ ಹತ್ತಿರ ಬಂದಾಗ ದನಿ ತಗ್ಗಿಸಿ ಬರೀ ಕಣ್ಣಲ್ಲೇ ಅಳು ನುಂಗುತ್ತಾರೆ. ರಂಗದಿಂದ ಕಿರುತೆರೆಗೆ ಬರುವ ಹೊಸಬರು ಅದನ್ನು ಗಮನಿಸಿ ನೋಡಬೇಕು.